ನೋರಾ ನಿಂತ ಜಾಗ

ಕೋಬೆ
ನವೆಂಬರ್ ೧೬, ೨೦೨೫, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಕಾತ್ಯಾಯಿನಿಯ ನಮಸ್ಕಾರ. ಭಾವನವರಿಗೂ ಹೇಳು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಮತ್ತೆ ಪೇಪರು ಓದುತ್ತಿದ್ದಾರೆಂದು ನೇಹಾ ಹೇಳಿದಳು, ಕೇಳಿ ಸಮಾಧಾನವಾಯಿತು. ಇಲ್ಲಿ ನಮಗೂ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಇವರು ಎಂದಿನಂತೆ ವಾರವೆಲ್ಲ ಟೋಕಿಯೊದ ತೊಯೊಸುವಿನ ಫ್ಲ್ಯಾಟಿನಲ್ಲಿದ್ದು ಶನಿವಾರ ಶಿಂಕಾನ್ಸೆನ್ ರೈಲು ಹತ್ತಿ ಮನೆಗೆ ಬರುತ್ತಾರೆ. ಮಂಡಿನೋವು ಮಾತ್ರ ಚಳಿಗಿಂತ ಒಂದು ವಾರ ಮುಂಚೆಯೇ ಬಂದು ಕೂತಿದೆ. ನಮ್ಮ ಬೀದಿಯ ಗಿಂಕೋ ಮರಗಳು ಪೂರ್ತಿ ಹಳದಿಯಾಗಿವೆ. ಬೆಳಿಗ್ಗೆ ಎದುರು ಮನೆಯ ಅಜ್ಜಿ ಎಲೆ ಗುಡಿಸುತ್ತಿರುತ್ತಾರೆ, ನಾನು ಕೆಲಸಕ್ಕೆ ಹೊರಡುವಾಗ 'ಚಳಿ ಬಂತು ನೋಡಿ' ಎನ್ನುತ್ತಾರೆ, ನಾನೂ 'ಬಂತು' ಎನ್ನುತ್ತೇನೆ. ನಮ್ಮಿಬ್ಬರ ನಡುವೆ ಹತ್ತು ವರ್ಷದಿಂದ ಇಷ್ಟೇ ಮಾತು.

ಅಕ್ಕ, ಕ್ಷಮಿಸು. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ನೀನು ಫೋನಿನಲ್ಲಿ ಒಂದು ಮಾತು ಕೇಳಿದ್ದೆ. 'ಯೋಚ್ನೆ ಮಾಡಿ ಹೇಳ್ತೀನಿ' ಎಂದಿದ್ದೆ. ಮೂರು ತಿಂಗಳು ಕಳೆಯಿತು. ಅದಾದ ಮೇಲೆ ನಾವು ಎಷ್ಟು ಸಲ ಮಾತಾಡಿದ್ದೇವೆ! ಛತ್ರ, ಅಡಿಗೆಯವರು, ಬೀಗರಿಗೆ ಕೊಡುವ ಸೀರೆ, ಮದುವೆಗಂಡು ಉದಯ್‌ನ ಅಜ್ಜಿಗೆ ಸಕ್ಕರೆ ಕಾಯಿಲೆಯಂತೆ ಎನ್ನುವುದು, ಎಲ್ಲವೂ ಬಂದುಹೋಯಿತು. ಆ ಮಾತು ಹತ್ತಿರ ಬಂತು ಎನ್ನಿಸಿದಾಗಲೆಲ್ಲ ನನಗೆ ಯಾವುದೋ ಮೀಟಿಂಗ್ ಇರುತ್ತಿತ್ತು. ಇರಲಿಲ್ಲ. ನೀನೂ ಮತ್ತೆ ಕೇಳಲಿಲ್ಲ. ಯಾವುದನ್ನೂ ಎರಡನೆಯ ಸಲ ಕೇಳುವ ಅಭ್ಯಾಸ ನಿನಗಿಲ್ಲ.

ನೀನು ಅಂದದ್ದು ನನಗೆ ಅಕ್ಷರಕ್ಷರವೂ ನೆನಪಿದೆ. 'ಕಾತೀ, ನೇಹಾ ಧಾರೆಗೆ ನೀವಿಬ್ರೇ ಕೂತ್ಕೋಬೇಕು ಕಣೇ. ಹಡೆದೋರು ನೀವು. ನಾವು ದತ್ತು ಅಂತ ಶಾಸ್ತ್ರ ಮಾಡ್ಲಿಲ್ಲವಲ್ಲ, ಪುರೋಹಿತರೂ ಹಾಗೇ ಹೇಳ್ತಾರೆ. ಲಗ್ನಪತ್ರಿಕೇಲೂ ನಿಮ್ಮ ಹೆಸರೇ ಇರ್ಲಿ. ಹೂಂ ಅಂದ್ಬಿಡು.'

ಹೂಂ ಎನ್ನಲೂ ಆಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ. ಈಗ ಉತ್ತರ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನಿನಗೆ ಇಬ್ಬರು ಹೆಂಗಸರ ಕಥೆ ಹೇಳಬೇಕು. ಜೂನ್ ತಿಂಗಳಿನಿಂದ ನಾನು ಅವರ ಜೊತೆಯಲ್ಲೇ ಇದ್ದೇನೆ. ಅವರು ಸತ್ತು ನೂರು ವರ್ಷದ ಮೇಲಾಗಿದೆ.

ನನ್ನ ಕೆಲಸವೇನು ಎಂದು ನೀನು ಕೇಳಿದಾಗಲೆಲ್ಲ 'ಹಳೇ ಕಾಗದ ಓದೋದು' ಎಂದು ಹೇಳಿ ಮುಗಿಸಿದ್ದೇನೆ. ಅದು ನಿಜವೇ. ಇಲ್ಲಿ ಗುಡ್ಡದ ಮೇಲಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಹಳೆಯ ದಾಖಲೆಗಳ ಕೋಣೆಯಿದೆ, ಅಲ್ಲಿ ನಾನು ಮತ್ತು ಮಿಯಾಕೆ-ಸಾನ್ ಇಬ್ಬರೇ. ಮಿಯಾಕೆ-ಸಾನ್‌ಗೆ ಅರವತ್ತನಾಲ್ಕು, ಬರುವ ಮಾರ್ಚಿಗೆ ನಿವೃತ್ತಿ. ಜೂನ್‌ನಲ್ಲಿ ಕಾಲೇಜಿನ ಹಿಂದಿನ ಹಳೆಯ ಉಗ್ರಾಣವನ್ನು ಕೆಡವುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರ ತುಂಬ ಕಾಗದಗಳು, ನಾನೂರಕ್ಕೂ ಹೆಚ್ಚು. ನೂರು ವರ್ಷದ ಹಿಂದೆ ಇಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಿಸ್ ಶಾರ್ಲೆಟ್ ಎಂಬ ಐರ್ಲೆಂಡಿನ ಅವಿವಾಹಿತ ಹೆಂಗಸಿನ ಪೆಟ್ಟಿಗೆ ಅದು. ಆಕೆ ತೀರಿಕೊಂಡದ್ದೂ ಇಲ್ಲೇ, ಮಣ್ಣಾದದ್ದೂ ಇದೇ ಬೆಟ್ಟದ ಮೇಲಿನ ವಿದೇಶೀಯರ ಸ್ಮಶಾನದಲ್ಲಿ.

ಮಿಯಾಕೆ-ಸಾನ್ ಮೊದಲ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ಕಾತ್ಯಾಯಿನಿ-ಸಾನ್, ಇದು ನನಗೆ ಬರವಣಿಗೆ ಹಾಗೆ ಕಾಣಿಸ್ತಿಲ್ಲ. ಹೊಲಿಗೆ ಹಾಗೆ ಕಾಣಿಸ್ತಿದೆ' ಎಂದರು. ನಿಜವಾಗಿಯೂ ಹಾಗೇ ಇತ್ತು. ಆ ಕಾಲದವರು ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಉದ್ದ ಒಂದು ಕಾಗದ, ಅಡ್ಡ ಒಂದು ಕಾಗದ. ಕಣ್ಣು ಪಳಗಲು ನನಗೆ ಎರಡು ವಾರ ಬೇಕಾಯಿತು. ಪಳಗಿದ ಮೇಲೆ ಬಿಡಲಾಗಲಿಲ್ಲ.

ಅವುಗಳಲ್ಲಿ ಹೆಚ್ಚಿನವು ಶಾರ್ಲೆಟ್‌ಳ ಅಜ್ಜಿ ಬರೆದವು. ಹೊನೋರಿಯಾ ಎಂದು ಹೆಸರು. ಡಬ್ಲಿನ್ ನಗರದಲ್ಲಿದ್ದ ತನ್ನ ಅಕ್ಕನಿಗೆ ಐವತ್ತು ವರ್ಷ ಬರೆದಿದ್ದಾಳೆ. ಅಕ್ಕ ಸತ್ತ ಮೇಲೆ ಕಾಗದದ ಕಟ್ಟು ಹೊನೋರಿಯಾಳ ಮನೆಗೆ ಮರಳಿತಂತೆ.

ಐರ್ಲೆಂಡಿನಲ್ಲಿ ಆಗ ನೆಲವೆಲ್ಲ ಇಂಗ್ಲೆಂಡಿನಿಂದ ಹೋಗಿ ನೆಲೆಸಿದ ದೊರೆಮನೆತನಗಳ ಕೈಯಲ್ಲಿತ್ತು. ಉಳುವವರು ಐರಿಷ್ ಒಕ್ಕಲುಗಳು. ದೊರೆಗಳು ಪ್ರಾಟೆಸ್ಟೆಂಟರು, ಒಕ್ಕಲುಗಳು ಕ್ಯಾಥೊಲಿಕರು. ಒಬ್ಬರ ಚರ್ಚಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಹೊನೋರಿಯಾ ಹದಿನೆಂಟಕ್ಕೆ ಮದುವೆಯಾಗಿ ಕ್ಲೋನ್‌ವೇರಾ ಎಂಬ ಊರಿನ ದೊಡ್ಡ ಮನೆಗೆ ದೊರೆಸಾನಿಯಾಗಿ ಬಂದಳು. ಅತ್ತೆ ಅವಳ ಕೈಗೆ ಬೀಗದಕೈ ಗೊಂಚಲು ಕೊಟ್ಟು ಅದೇ ವಾರ ತೋಟದಾಚೆಯ ಚಿಕ್ಕ ಮನೆಗೆ ಹೊರಟುಹೋದಳಂತೆ. ಅಲ್ಲಿನ ಪದ್ಧತಿಯೇ ಹಾಗೆ. ಮಗನಿಗೆ ಹೆಂಡತಿ ಬಂದಳೆಂದರೆ ತಾಯಿ ದೊಡ್ಡ ಮನೆ ಬಿಡಬೇಕು.

ಅಕ್ಕ, ದೊರೆಸಾನಿ ಎಂದರೆ ರೇಷ್ಮೆ ಉಟ್ಟು ಪಿಯಾನೊ ಮುಂದೆ ಕೂರುವವಳು ಎಂದು ನಾನು ತಿಳಿದಿದ್ದೆ. ಇವಳ ದಿನಚರಿ ಓದಿ ಬೆರಗಾದೆ. ಮೂವತ್ತೆರಡು ಆಳುಗಳು. ಬೇಟೆಯ ಕಾಲಕ್ಕೆ ಒಂದು ತಿಂಗಳು ನಲವತ್ತು ಜನ ಅತಿಥಿಗಳು. ಯಾರ ಪಕ್ಕ ಯಾರನ್ನು ಕೂರಿಸಿದರೆ ಯಾವ ಹಳೆಯ ಜಗಳ ತಣ್ಣಗಾದೀತು, ಯಾರ ಮಗಳನ್ನು ಯಾರ ಮಗನ ಎದುರು ಹಾಡಿಸಬೇಕು, ಎಲ್ಲ ಅವಳ ತಲೆಯಲ್ಲಿ. ಆ ಸೀಮೆಯಿಂದ ಸಂಸತ್ತಿಗೆ ಯಾರು ಹೋಗಬೇಕೆಂಬುದು ಅವಳ ಊಟದ ಮೇಜಿನಲ್ಲಿ ಎರಡು ಸಲ ತೀರ್ಮಾನವಾಗಿದೆ. ಅವಳಿಗೆ ಓಟು ಇರಲಿಲ್ಲ. ಒಕ್ಕಲಿನ ಹೆಣ್ಣುಮಕ್ಕಳಿಗೆ ಲೇಸ್ ಹೆಣೆಯುವ ಶಾಲೆ ತೆರೆದು ಡಬ್ಲಿನ್‌ನ ಹೆಂಗಸರೆಲ್ಲ ಅದೇ ಲೇಸ್ ತೊಡುವಂತೆ ಮಾಡಿದಳು. ಔಷಧದ ಪೆಟ್ಟಿಗೆ ಹಿಡಿದು ಗುಡಿಸಲಿಂದ ಗುಡಿಸಲಿಗೆ ಹೋಗುತ್ತಿದ್ದಳು. ಒಂದೊಂದು ಹೊಲದ ಹೆಸರೂ ಅವಳಿಗೆ ಗೊತ್ತು. ಆದರೆ ಅಂಗೈಯಗಲ ನೆಲವೂ ಅವಳ ಹೆಸರಿನಲ್ಲಿಲ್ಲ. ಇಷ್ಟೆಲ್ಲ ನಡೆಸಿದವಳ ಸಹಿ ಮನೆಯ ಒಂದು ಪತ್ರದಲ್ಲೂ ಇಲ್ಲ, ಅಕ್ಕನಿಗೆ ಬರೆದ ಈ ಕಾಗದಗಳಲ್ಲಿ ಬಿಟ್ಟರೆ.

ಆಮೇಲೆ ಕ್ಷಾಮ ಬಂತು. ಸಾವಿರದ ಎಂಟುನೂರ ನಲವತ್ತಾರು. ಅಲ್ಲಿನ ಬಡವರಿಗೆ ಆಲೂಗಡ್ಡೆ ಬಿಟ್ಟರೆ ಬೇರೆ ಅನ್ನವಿಲ್ಲ, ಆ ವರ್ಷ ಅದು ನೆಲದಲ್ಲೇ ಕೊಳೆತುಹೋಯಿತು. ಗಂಡ ಲಂಡನ್ನಿನಲ್ಲಿದ್ದ. ಇಪ್ಪತ್ತೈದು ವರ್ಷದ ಈ ಹೆಂಗಸು ಕುದುರೆ ಲಾಯವನ್ನು ಖಾಲಿ ಮಾಡಿಸಿ ಕೊಪ್ಪರಿಗೆಗಳನ್ನು ಹೂಡಿಸಿ ದಿನಕ್ಕೆ ನಾನೂರು ಜನಕ್ಕೆ ಗಂಜಿ ಕೊಟ್ಟಳು. ತಾಯಿ ಕೊಟ್ಟ ವಜ್ರದ ಹಾರವನ್ನು ಗಂಡನಿಗೆ ತಿಳಿಸದೆ ಮಾರಿದಳು. ವಿಷಮಜ್ವರ ಹಬ್ಬಿದಾಗ ಆಳುಗಳು ಓಡಿಹೋದರು. ಇವಳು ಕೈಬಟ್ಟೆ ಕಟ್ಟಿಕೊಂಡು ರೋಗಿಗಳ ಬಾಯಿಗೆ ನೀರು ಬಿಟ್ಟಳು. ಅದೂ ಬಾಣಂತಿಯಾಗಿ ಎರಡು ತಿಂಗಳಿಗೆ. ಅಕ್ಟೋಬರಿನಲ್ಲಿ ಅವಳಿಗೆ ಗಂಡು ಮಗು ಹುಟ್ಟಿತ್ತು, ಆ ಮನೆ ಕಾದಿದ್ದ ವಾರಸುದಾರ.

ದೊರೆಸಾನಿಯರು ಮಗುವಿಗೆ ತಾವೇ ಹಾಲೂಡಿಸುತ್ತಿರಲಿಲ್ಲ. ವಾರಸುದಾರನನ್ನು ಹೆರುವುದು ಅವರ ಕೆಲಸ, ಹಾಲು ಕೊಡುವುದು ಒಕ್ಕಲಿನ ಹೆಂಗಸಿನ ಕೆಲಸ. ಪಾರುಪತ್ಯಗಾರನ ಹೆಂಡತಿ ನೋರಾ ಎಂಬವಳನ್ನು ಕರೆತಂದಳು. ಅವಳೂ ಅದೇ ತಿಂಗಳು ಹೆತ್ತವಳು. ನೋರಾ ಎಂದರೆ ಹೊನೋರಿಯಾ ಎಂಬ ಹೆಸರಿನದೇ ಮೊಟಕು ರೂಪ, ಅಕ್ಕ. ಒಂದೇ ಹೆಸರು, ಒಂದು ಮೇಲಿನ ಮನೆಯಲ್ಲಿ, ಒಂದು ಕೆಳಗಿನ ಗುಡಿಸಲಿನಲ್ಲಿ. ಕರಾರು ಏನೆಂದರೆ ನೋರಾ ದೊಡ್ಡ ಮನೆಯಲ್ಲೇ ಇರಬೇಕು, ತನ್ನ ಕೂಸನ್ನು ತರುವಂತಿಲ್ಲ. ಆ ಕೂಸನ್ನು ಅಜ್ಜಿ ಓಟ್ಸ್ ಹಿಟ್ಟಿನ ನೀರು ಕುಡಿಸಿ ಸಾಕಿದಳು. ಫೆಬ್ರವರಿಯಲ್ಲಿ ಅದು ಸತ್ತಿತು.

ಸತ್ತ ಸುದ್ದಿಯನ್ನು ಹೊನೋರಿಯಾ ಹನ್ನೊಂದು ದಿನ ನೋರಾಳಿಗೆ ಹೇಳಲಿಲ್ಲ. ದುಃಖವಾದರೆ ಹಾಲು ಕೆಡುತ್ತದೆ ಎಂದು ವೈದ್ಯ ಹೇಳಿದ್ದನಂತೆ. ಮಣ್ಣು ಮಾಡಿಯಾಗಿತ್ತು. ನೋರಾ ದಿನವೂ 'ನನ್ನ ಕೂಸು ಹೆಂಗಿದೆ ಅಮ್ಮಾವ್ರೇ' ಎಂದು ಕೇಳುತ್ತಿದ್ದಳು. ಇವಳು 'ಚೆನ್ನಾಗಿದೆ' ಎನ್ನುತ್ತಿದ್ದಳು. ಹನ್ನೊಂದು ದಿನ ಹನ್ನೊಂದು ಸಲ. ಇವಳೇ ಎಣಿಸಿ ಅಕ್ಕನಿಗೆ ಬರೆದಿದ್ದಾಳೆ.

ಅಂದು ಆ ಹಾಳೆಯನ್ನು ಮೇಜಿನ ಮೇಲಿಟ್ಟು ನಾನು ಹೊರಗೆ ಹೋಗಿ ನಿಂತೆ. ಕೆಳಗೆ ಸಮುದ್ರ, ಬಂದರಿನ ಕ್ರೇನುಗಳು. ಮಿಯಾಕೆ-ಸಾನ್ ಹಿಂದೆಯೇ ಬಂದರು. ನಾನು ಓದಿದ್ದನ್ನು ಹೇಳಿದೆ. ಅವರು 'ಭಯಂಕರ' ಎಂದಾರೆಂದುಕೊಂಡೆ. ಅವರು ಕೇಳಿದ್ದು ಒಂದೇ: 'ಆ ಮಗುವಿನ ಹೆಸರೇನು?'

ಹುಡುಕಿದೆವು. ಅದುವರೆಗೆ ಓದಿದ್ದರಲ್ಲಿ ಎಲ್ಲೂ ಇರಲಿಲ್ಲ. ದೊಡ್ಡ ಮನೆಯ ನಾಯಿಗಳ ಹೆಸರಿದೆ, ಕುದುರೆಗಳ ಹೆಸರಿದೆ. 'ನೋರಾಳ ಕೂಸು' ಎಂದಷ್ಟೇ ಇದೆ.

ಕೈ ನೋಯುತ್ತಿದೆ. ಬೀದಿ ತುದಿಯ ಕೊಂಬಿನಿ ಅಂಗಡಿಯಿಂದ ತಂದ ಈ ಹಾಳೆ ಬಹಳ ತೆಳು, ಹಿಂಬದಿಗೆ ಮಸಿ ಇಳಿಯುತ್ತದೆ. ಇವರು ಒಳಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಾ 'ಏನು, ಪುರಾಣ ಬರೀತಿದೀಯಾ ಅಕ್ಕಂಗೆ?' ಎಂದು ಕೇಳುತ್ತಿದ್ದಾರೆ. ನಾಳಿದ್ದು ಮುಂದುವರಿಸುತ್ತೇನೆ.

ಬುಧವಾರ, ೧೯

ಅಕ್ಕ, ಮತ್ತೆ ಕೂತಿದ್ದೇನೆ.

ಆ ಪೆಟ್ಟಿಗೆಯಿಂದಾಗಿ ನನ್ನ ಮನಸ್ಸಿನಲ್ಲಿ ಏನೇನಾಯಿತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮೊದಲೇ ಒಂದು ಮಾತು. ನಿನ್ನನ್ನು ನಾನು ಕೂಲಿಗೆ ಬಂದ ದಾದಿಗೆ ಹೋಲಿಸುತ್ತಿದ್ದೇನೆ ಎಂದು ತಿಳಿಯಬೇಡ. ನೋರಾ ಹೊಟ್ಟೆಗಿಲ್ಲದೆ ಬಂದಳು. ನೀನು ಕರುಳಿನಿಂದ ಎತ್ತಿಕೊಂಡೆ. ಆದರೆ ಓದುತ್ತಾ ಹೋದಹಾಗೆ ನಾನು ಹೊನೋರಿಯಾಳ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಅದು ನನಗೆ ಗೊತ್ತಾಗುತ್ತಿತ್ತು. ಎಂಟು ತಿಂಗಳ ಕೂಸನ್ನು ನಿನ್ನ ಮಡಿಲಲ್ಲಿಟ್ಟು ಈ ದೇಶಕ್ಕೆ ಪಿಎಚ್‌ಡಿ ಮಾಡಲು ಬಂದವಳಲ್ಲವೇ ನಾನು? ಸ್ಕಾಲರ್‌ಶಿಪ್ ಬಂದಿತ್ತು, ಇವರಿಗೆ ಊರೂರು ಓಡಾಟದ ಕೆಲಸ. 'ಎರಡೇ ವರ್ಷ ಅಕ್ಕ' ಎಂದೆ. ನೀನು ಲೆಕ್ಕ ಕೇಳಲಿಲ್ಲ.

ಹೋದ ಭಾನುವಾರದ ಹಿಂದಿನ ಭಾನುವಾರ ನೇಹಾ ಫೋನ್ ಮಾಡಿದ್ದಳು. 'ಕೋಬೆ ಅಮ್ಮ, ಧಾರೆಗೆ ನೀವೇ ಕೂತ್ಕೊಳ್ತೀರಂತೆ ಅಲ್ವಾ? ಅಮ್ಮ ಹೇಳಿದ್ಳು' ಎಂದಳು. ನಿನ್ನನ್ನು ಅವಳು 'ನೀನು' ಎನ್ನುತ್ತಾಳೆ, ನಿನ್ನ ಮೇಲೆ ರೇಗುತ್ತಾಳೆ, 'ಹೋಗೇ ಅಮ್ಮ' ಎನ್ನುತ್ತಾಳೆ. ನನಗೆ ಯಾವಾಗಲೂ 'ನೀವು'. ಒಂದು ದಿನವೂ ನನ್ನ ಮೇಲೆ ರೇಗಿದವಳಲ್ಲ.

'ನಿಂಗೇನನ್ಸತ್ತೆ ನೇಹಾ?' ಎಂದೆ.

'ನಂಗೆ ಓಕೆ. ಆದ್ರೆ...' ಎಂದಳು. 'ಅಮ್ಮ ಇನ್ನೂ ಬ್ಲೌಸ್ ಹೊಲಿಯೋಕೆ ಕೊಟ್ಟಿಲ್ಲ. ಅಪ್ಪ ಹೊಸ ಸೀರೆ ತಂದ್ರೂ ಬೀರುನಲ್ಲಿಟ್ಟುಬಿಟ್ಳು. ನಾನು ಹಿಂದೆ ಇರೋಳು ತಾನೆ, ಹಳೇದೇ ಸಾಕು ಅಂತಾಳೆ. ನೀವು ಸ್ವಲ್ಪ ಹೇಳ್ತೀರಾ ಪ್ಲೀಸ್, ನನ್ ಮಾತು ಕೇಳಲ್ಲ.'

ಅಂದು ನಾನೊಂದು ಉಪಾಯ ಮಾಡಿದೆ, ಅಕ್ಕ. ಹೇಳಲು ನಾಚಿಕೆಯಾಗುತ್ತದೆ. ಪತ್ರಿಕೆಯಲ್ಲಿ ನಮ್ಮ ಹೆಸರೇ ಬರಲಿ, ಹಸೆಮಣೆಯ ಹತ್ತಿರ ಪುರೋಹಿತರು ನಮ್ಮನ್ನೇ ಕರೆಯಲಿ. ಆಗ ನಾನು ಎದ್ದು, ಛತ್ರದಲ್ಲಿದ್ದವರೆಲ್ಲ ನೋಡುತ್ತಿರುವಾಗ, ಹಿಂದಿನ ಸಾಲಿನಿಂದ ನಿನ್ನ ಕೈ ಹಿಡಿದು ಕರೆತಂದು ನನ್ನ ಜಾಗದಲ್ಲಿ ಕೂರಿಸುವುದು. 'ಇವಳೇ ತಾಯಿ' ಎನ್ನುವುದು. ಇವರಿಗೆ ಹೇಳಿದರೆ ಇವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಎಷ್ಟು ದೊಡ್ಡ ಮನಸ್ಸು ನನ್ನದು ಎನ್ನಿಸಿತು. ಅದೇ ವಾರ ನಾನು ಹೊನೋರಿಯಾಳ ಸಾವಿರದ ಎಂಟುನೂರ ಎಪ್ಪತ್ತೊಂದರ ಕಾಗದಕ್ಕೆ ಬಂದೆ.

ನೋರಾ ಹಾಲು ಕುಡಿಸಿದ ಮಗುವಿಗೆ ಇಪ್ಪತ್ತನಾಲ್ಕು ತುಂಬಿತ್ತು. ಅವನ ಮದುವೆ. ಹನ್ನೊಂದು ದಿನದ ಸುಳ್ಳು ತಿಳಿದ ಮೇಲೂ ನೋರಾ ಆ ಮನೆ ಬಿಟ್ಟುಹೋಗಿರಲಿಲ್ಲ. ಹೋಗಲು ಅವಳಿಗೆ ಎಲ್ಲಿತ್ತು? ಅವಳ ಗಂಡನೂ ಕ್ಷಾಮದ ಆ ಚೈತ್ರದಲ್ಲೇ ಜ್ವರದಿಂದ ಸತ್ತಿದ್ದ. ಹುಡುಗನನ್ನು ಅವಳೇ ಬೆಳೆಸಿದಳು. ಅವನಿಗೆ ಮೊದಲು ಬಂದ ಮಾತು ಅವಳ ಐರಿಷ್ ಭಾಷೆಯದು. ಜ್ವರ ಬಂದರೆ ಕನವರಿಸುತ್ತಿದ್ದದ್ದು ಅವಳನ್ನು. ತಾಯಿಯ ಮುಂದೆ ಎದ್ದು ನಿಲ್ಲುತ್ತಿದ್ದ, ಇವಳ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ. ಹೊನೋರಿಯಾ ಇದನ್ನು ಯಾವ ದೂರೂ ಇಲ್ಲದೆ ಬರೆಯುತ್ತಾಳೆ, 'ಇವತ್ತು ಗಾಳಿ ಹೆಚ್ಚು' ಎನ್ನುವ ಹಾಗೆ.

ಮದುವೆಯ ದಿನ ಮಳೆ. ನೋರಾ ಕ್ಯಾಥೊಲಿಕಳಲ್ಲವೇ, ಚರ್ಚಿನೊಳಗೆ ಬರುವಂತಿರಲಿಲ್ಲ. ಹೊರಗೆ ಗೇಟಿನ ಪಕ್ಕ ಶಾಲು ಹೊದ್ದು ನಿಂತಿದ್ದಳು. ಒಳಗೆ ಮುಂದಿನ ಸಾಲಿನಲ್ಲಿ ವರನ ತಾಯಿಯ ಜಾಗದಲ್ಲಿ ಹೊನೋರಿಯಾ. ಎರಡು ಸಂಸ್ಥಾನಗಳ ನೆಂಟರು, ಒಬ್ಬ ಬಿಷಪ್. ಹಾಡು ಶುರುವಾಗುವ ಹೊತ್ತಿಗೆ ಇವಳು ಎದ್ದಳು. ಎಲ್ಲರೂ ನೋಡುತ್ತಿರುವಾಗ ಚರ್ಚಿನ ಉದ್ದಕ್ಕೂ ಹಿಂದಕ್ಕೆ ನಡೆದು ಹೊರಗೆ ಹೋಗಿ ಮಳೆಯಲ್ಲಿ ನೋರಾಳ ಪಕ್ಕ ನಿಂತಳು. ಆ ಕಾಲಕ್ಕೆ, ಆ ಅಂತಸ್ತಿಗೆ, ಅದು ಎಂಥ ಮಾತು ಎಂದು ಯೋಚಿಸು. ನನ್ನ ಉಪಾಯವನ್ನೇ ಇವಳು ನೂರೈವತ್ತು ವರ್ಷದ ಹಿಂದೆ ಮಾಡಿಬಿಟ್ಟಿದ್ದಳಲ್ಲ!

ಮುಂದಿನದನ್ನು ಅವಳು ಬರೆದ ಹಾಗೇ ಹೇಳುತ್ತೇನೆ.

ನೋರಾ ತಿರುಗಿ ನೋಡಲಿಲ್ಲ. 'ಯಾಕೆ ಬಂದ್ರಿ ಅಮ್ಮಾವ್ರೇ?' ಎಂದಳು.

'ನಿನ್ನ ಜೊತೆ ನಿಲ್ಲೋಣ ಅಂತ.'

ಹೊನೋರಿಯಾಳಿಗೆ ಮಾತು ತಡೆಯಲಿಲ್ಲ. ಇಪ್ಪತ್ತನಾಲ್ಕು ವರ್ಷ ಕೇಳದೇ ಇದ್ದದ್ದನ್ನು ಕೇಳಿದಳು: 'ನಿನ್ನ ಕೂಸಿನ ಹೆಸರೇನಿತ್ತು?'

'ಓವನ್. ಇದ್ದಿದ್ರೆ ಅವನಿಗೂ ಇವತ್ತಿಗೆ ಇಷ್ಟೇ ವಯಸ್ಸು.'

ಆಮೇಲೆ ನೋರಾ ಮೊದಲ ಸಲ ಮುಖ ತಿರುಗಿಸಿ ನೋಡಿ ಹೇಳಿದಳಂತೆ: 'ಒಳಗೆ ಹೋಗಿ, ಅಮ್ಮಾವ್ರೇ. ಹುಡುಗ ತಿರುಗಿ ನೋಡ್ತಾನೆ, ಅಲ್ಲಿ ಯಾರೂ ಇಲ್ದೇ ಇದ್ರೆ ಗಾಬರಿ ಆಗ್ತಾನೆ. ನಿಮ್ಮ ಜಾಗ ಅಲ್ಲಿದೆ. ಇದು ನನ್ನದು. ಇದನ್ನೂ ನೀವು ತಗೋಬೇಡಿ.'

ಹೊನೋರಿಯಾ ಒಳಗೆ ಹೋದಳು. 'ನಾನು ಹೋದೆ' ಎಂದು ಎರಡೇ ಪದ ಬರೆದು ಆ ಕಾಗದ ಮುಗಿಸಿದ್ದಾಳೆ. ಆ ಪುಟದ ಮೇಲೆ ಅಡ್ಡ ಬರವಣಿಗೆಯಿಲ್ಲ. ಉಳಿದ ಅರ್ಧ ಹಾಳೆ ಖಾಲಿ.

ಅಕ್ಕ, ಎಂಥ ಹೆಂಗಸು! ಮನೆಯಿಲ್ಲ, ಅಕ್ಷರವಿಲ್ಲ, ಹೆತ್ತ ಕೂಸಿನ ಮುಖವನ್ನು ಕೊನೆಯ ಸಲ ನೋಡಲೂ ಆಗಲಿಲ್ಲ. ಆ ಮಳೆಯಲ್ಲಿ ನಿಂತುಕೊಂಡು, ಸಿಟ್ಟಿನ ಹೊತ್ತಿನಲ್ಲೂ ಅವಳಿಗೆ ಹೊಳೆದದ್ದು ಹುಡುಗ ಗಾಬರಿಯಾದಾನು ಎಂದು. ನಾನು ಈವರೆಗೆ ದೊಡ್ಡ ದೊಡ್ಡ ಪಂಡಿತರ ಎದುರು ಕೂತಿದ್ದೇನೆ. ಹೀಗೆ ಯಾರ ಎದುರೂ ತಲೆ ಬಾಗಿರಲಿಲ್ಲ. ಮಿಯಾಕೆ-ಸಾನ್‌ಗೆ ಓದಿ ಹೇಳಿದೆ. ಅವರು ಪಟ್ಟಿಯ ಹಾಳೆ ಎಳೆದುಕೊಂಡು, ಆ ಕಾಗದದ ಸಂಖ್ಯೆಯ ಎದುರು ವಿಷಯ ಎಂಬ ಕಡೆ ಜಪಾನಿ ಲಿಪಿಯಲ್ಲಿ ನಿಧಾನವಾಗಿ 'ಓವನ್' ಎಂದು ಬರೆದರು.

ಹೊನೋರಿಯಾಳ ಮೇಲೂ ನನಗೆ ಬೆರಗು ಕಡಿಮೆಯಾಗಿಲ್ಲ. ಮಗನ ಮದುವೆಯಾದ ತಿಂಗಳೊಳಗೆ ಬೀಗದಕೈ ಗೊಂಚಲನ್ನು ಸೊಸೆಗೆ ಕೊಟ್ಟು ತಾನೂ ಚಿಕ್ಕ ಮನೆಗೆ ಹೋದಳು, ಗೊಣಗದೆ. ನಾನೂರು ಜನರನ್ನು ಬದುಕಿಸಿದ್ದೂ ಅವಳೇ, ಒಬ್ಬ ತಾಯಿಗೆ ಹನ್ನೊಂದು ಸಲ ಸುಳ್ಳು ಹೇಳಿದ್ದೂ ಅವಳೇ. ಎರಡನ್ನೂ ತನ್ನ ಕೈಯಾರೆ ಬರೆದಿಟ್ಟಳು. ಬಚ್ಚಿಡಲು ಮನಸ್ಸು ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೊಮ್ಮಗಳು ಶಾರ್ಲೆಟ್‌ಳೂ ಅದೇ ಧಾತು. ಐರ್ಲೆಂಡಿನ ಗಲಭೆಯ ಕಾಲದಲ್ಲಿ ದೊಡ್ಡ ಮನೆಗೆ ಬೆಂಕಿಯಿಡಲು ಬಂದವರು 'ಹದಿನೈದು ನಿಮಿಷ, ಬೇಕಾದ್ದು ತಗೊಂಡು ಹೊರಗೆ ಬನ್ನಿ' ಎಂದರಂತೆ. ಬೆಳ್ಳಿ ಇತ್ತು, ಚಿತ್ರಪಟಗಳಿದ್ದವು. ಅವಳು ಅಜ್ಜಿಯ ಈ ಪೆಟ್ಟಿಗೆ ಎತ್ತಿಕೊಂಡು ಬಂದಳು. ಮನೆ ಉಳಿದಿದ್ದರೂ ಅವಳದಾಗುತ್ತಿರಲಿಲ್ಲ. ಹೆಣ್ಣಲ್ಲವೇ, ಅದು ಯಾರೋ ದಾಯಾದಿಯ ಪಾಲಾಗುತ್ತಿತ್ತು. ನಲವತ್ತೈದನೆಯ ವಯಸ್ಸಿನಲ್ಲಿ ಹಡಗು ಹತ್ತಿ ಈ ಬಂದರಿನಲ್ಲಿ ಇಳಿದು, ಸಾಯುವತನಕ ಹುಡುಗಿಯರಿಗೆ ಇಂಗ್ಲಿಷ್ ಮತ್ತು ಲೇಸ್ ಕಲಿಸಿದಳು. ಈಗಲೂ ಇಲ್ಲಿ ಒಂದಿಬ್ಬರು ಅಜ್ಜಿಯರಿಗೆ ಆ ಹೆಣಿಗೆ ಬರುತ್ತದೆ, ಅದು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲ.

ಈಗ ಉತ್ತರ.

ಪತ್ರಿಕೆಯಲ್ಲಿ 'ನಮ್ಮ ಪುತ್ರಿ' ಎಂದು ನಿನ್ನ ಮತ್ತು ಭಾವನವರ ಹೆಸರು ಹಾಕಿಸು. ಬರೇ ವಸುಂಧರಾ ಮತ್ತು ಹರಿಹರ. ನಮ್ಮ ಹೆಸರು ಕೆಳಗೆ ಚಿಕ್ಕಪ್ಪ ಚಿಕ್ಕಮ್ಮಂದಿರ ಸಾಲಿನಲ್ಲಿ ಬಂದರೆ ಸಾಕು. ಧಾರೆಗೆ ನೀವಿಬ್ಬರೇ ಕೂರಬೇಕು. ಪುರೋಹಿತರು ತಕರಾರು ಮಾಡಿದರೆ ನಾನು ಅವರ ಹತ್ತಿರ ಮಾತಾಡುತ್ತೇನೆ. ಛತ್ರದಲ್ಲಿ ನಾನು ಯಾರ ಕೈಯನ್ನೂ ಹಿಡಿದು ಎಲ್ಲಿಗೂ ಕರೆತರುವುದಿಲ್ಲ. ಯಾವ ಮಾತನ್ನೂ ಆಡುವುದಿಲ್ಲ. ನಿನಗೆ ನಾನು ಏನನ್ನೂ ಬಿಟ್ಟುಕೊಡುತ್ತಿಲ್ಲ ಅಕ್ಕ, ಬಿಟ್ಟುಕೊಡಲು ಅದು ನನ್ನ ಹತ್ತಿರ ಇರಲೇ ಇಲ್ಲ. ಇವರಿಗೂ ಹೇಳಿದ್ದೇನೆ. 'ಅದೇ ಸರಿ' ಎಂದರು.

ಬ್ಲೌಸ್ ಹೊಲಿಯಲು ನಾಳೆಯೇ ಕೊಡು. ಫೆಬ್ರವರಿಯ ಮದುವೆ ಹತ್ತಿರ ಬಂದರೆ ದರ್ಜಿಗಳು ಸಿಗುವುದಿಲ್ಲ. ಭಾವನವರು ತಂದ ಸೀರೆಯ ಬಣ್ಣ ಯಾವುದೆಂದು ನೇಹಾ ಹೇಳಲಿಲ್ಲ. ನಿನಗೆ ಮಾವಿನ ಚಿಗುರಿನ ಬಣ್ಣ ಒಪ್ಪುತ್ತದೆ ಎಂಬುದು ನನ್ನ ಎಣಿಕೆ.

ನೇಹಾಗೂ ಉದಯ್‌ಗೂ ನನ್ನ ತುಂಬು ಹೃದಯದ ಆಶೀರ್ವಾದ. ನೂರು ಕಾಲ ಒಬ್ಬರ ಮೇಲೊಬ್ಬರು ರೇಗಿಕೊಂಡು, ಕೂಡಿಕೊಂಡು ಬಾಳಲಿ. ಭಾವನವರ ಆರೋಗ್ಯ ನೋಡಿಕೋ. ನಿನ್ನ ಕಾಲಿಗೆ ಬಿದ್ದು ನಮಸ್ಕರಿಸುವ,

ನಿನ್ನ ತಂಗಿ
ಕಾತ್ಯಾಯಿನಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಹೊನೋರಿಯಾ ಬರೆದಿಟ್ಟಳು ಎಂದು ಅಷ್ಟು ಹೊಗಳಿದ ಮೇಲೆ ನಾನು ಬರೆಯದೆ ಇರುವುದು ಸರಿಯಲ್ಲ.

ನೇಹಾಗೆ ಐದು ವರ್ಷವಾಗಿದ್ದಾಗ ಅವಳನ್ನು ಕರೆದುಕೊಂಡು ಬರಲು ನಾನು ಮೈಸೂರಿಗೆ ಬಂದಿದ್ದೆನಲ್ಲ. ಪಾಸ್‌ಪೋರ್ಟ್ ಆಗಿತ್ತು. ಅವಳ ಪುಟ್ಟ ಸೂಟ್‌ಕೇಸನ್ನು ನೀನೇ ಜೋಡಿಸಿದ್ದೆ, ಒಂದು ಹನಿ ಕಣ್ಣೀರು ತೋರಿಸದೆ. ಹೊರಡುವ ದಿನ ಬೆಳಿಗ್ಗೆ ನೀನು ಹೂವು ತರಲು ಹೋಗಿದ್ದೆ. ನೇಹಾ ಹೊಸ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು 'ನಾನು ರೆಡಿ' ಎಂದಳು. ಬರುವುದಿಲ್ಲ ಎಂದು ಅವಳು ಅಳಲಿಲ್ಲ ಅಕ್ಕ. ಅತ್ತಳು ಎಂದು ನಾನು ನಿನಗೆ ಹೇಳಿದೆ. ಅದು ಸುಳ್ಳು.

ಹಿಂದಿನ ದಿನ ನನಗೆ ಇಲ್ಲಿಂದ ಮೇಲ್ ಬಂದಿತ್ತು, ಮೂರು ವರ್ಷದ ಕೆಲಸ ಸಿಕ್ಕಿತ್ತು. ಐದು ವರ್ಷದ ಮಗುವನ್ನು ಕಟ್ಟಿಕೊಂಡು ಅದನ್ನು ಮಾಡಲಾರೆ ಎನ್ನಿಸಿತು. ಅಷ್ಟೇ ಕಾರಣ, ಬೇರೆ ಇಲ್ಲ. ಅವಳ ಪಕ್ಕ ಕೂತು ಹೇಳಿದೆ: 'ಪುಟ್ಟ, ನಿಮ್ಮಮ್ಮ ನಿನ್ನ ಕಳಿಸಲ್ವಂತೆ. ಬೇಡ ಅಂತಾಳೆ.' ಲೇಸಿನ ಗಂಟು ಬಿಡಿಸಲು ಅವಳಿಗೆ ಬರುತ್ತಿರಲಿಲ್ಲ, ಕಾಲು ನನ್ನ ಮುಂದೆ ಚಾಚಿದಳು. ನಾನೇ ಬಿಚ್ಚಿದೆ.

ಆಮೇಲೆ ಒಂದು ತಿಂಗಳು ಅವಳು ನಿನ್ನ ಜೊತೆ ಮಾತಾಡಲಿಲ್ಲ, ನಿನ್ನ ಕೈತುತ್ತು ಮುಟ್ಟಲಿಲ್ಲ. ನೀನು ಫೋನಿನಲ್ಲಿ ಅತ್ತೆ. 'ನಾನೇನು ತಪ್ಪು ಮಾಡಿದೆ ಕಾತೀ, ಮಗು ಯಾಕೆ ಹೀಗೆ ನೋಡತ್ತೆ?' ಎಂದೆ. ನಾನು 'ಮಕ್ಕಳು ಹಾಗೇ ಅಕ್ಕ, ಸರಿಹೋಗ್ತಾರೆ' ಎಂದೆ. ಇಪ್ಪತ್ತೊಂದು ವರ್ಷವಾಯಿತು.

ಅವಳಿಗೆ ಇದು ನೆನಪಿದೆಯೋ ಇಲ್ಲವೋ ತಿಳಿಯದು. ಅವಳಿಗೆ ಹೇಳಬೇಕಾದವಳು ನಾನು, ನೀನಲ್ಲ. ಡಿಸೆಂಬರ್ ಏಳರ ಭಾನುವಾರ ನಾನೇ ಫೋನ್ ಮಾಡಿ ಹೇಳುತ್ತೇನೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರಿರುತ್ತದೆ. ಮದುವೆಗೆ ಬರಬೇಡ ಎಂದು ನಿನಗೆ ಅನ್ನಿಸಿದರೆ ಅನ್ನು, ಯಾಕೆಂದು ಕೇಳುವುದಿಲ್ಲ. ಟಿಕೆಟ್ ಇನ್ನೂ ತೆಗೆಸಿಲ್ಲ.